ಮೈದಾ ಅಂಟಿನ ಶನಿವಾರ

ಆಗಸ್ಟ್ ತಿಂಗಳ ಕೊನೆಯ ಶನಿವಾರ ಬಂತೆಂದರೆ ಸ್ವೀಟ್‌ಗಮ್ ಎಂಬ ಊರಿನ ಶಾಲೆಯ ಅಂಗಳದಲ್ಲಿ ನಾಲ್ಕು ಇಟ್ಟಿಗೆ ಇಟ್ಟು ಒಲೆ ಹೂಡುತ್ತಿದ್ದರು. ಒಲೆಯ ಮೇಲೆ ಜುನೀ ಅಜ್ಜಿಯ ಕಬ್ಬಿಣದ ಕಡಾಯಿ, ಕಡಾಯಿಯಲ್ಲಿ ಕೊತಕೊತ ಕುದಿಯುವ ಮೈದಾ ಹಿಟ್ಟು. ಜಿರಳೆ ಮುಟ್ಟಬಾರದೆಂದು ಅಜ್ಜಿ ಅದಕ್ಕೊಂದು ಚೂರು ಪಟಿಕ, ನಾಲ್ಕು ಲವಂಗ ಹಾಕುತ್ತಿದ್ದಳು. ಆ ವಾಸನೆಗೆ ದಾರಿಹೋಕರು ಯಾರಾದರೂ ನಿಂತು ಏನಡುಗೆ ಎಂದು ಕೇಳಿದರೆ, ‘ಪುಸ್ತಕದ ಊಟ ಕಣಪ್ಪ, ನಿನ್ನ ಹೊಟ್ಟೆಗಲ್ಲ’ ಎಂದು ಸೌಟು ತೋರಿಸಿ ಓಡಿಸುತ್ತಿದ್ದಳು. ಅಮೆರಿಕದ ಅಲಬಾಮಾದ ಆ ಮೂಲೆಯಲ್ಲಿ ಅಷ್ಟು ಹೊತ್ತಿಗೆ ಹತ್ತಿ ಒಡೆಯಲು ಶುರುವಾಗಿರುತ್ತಿತ್ತು. ಹೊಲದ ಕೆಲಸ ಮೈಮೇಲೆ ಬಿದ್ದಿದ್ದರೂ ಆ ಒಂದು ಶನಿವಾರ ಊರಿನ ಹೆಂಗಸರೆಲ್ಲ ಶಾಲೆಯಲ್ಲೇ ಇರುತ್ತಿದ್ದರು.

ಕೆಲಸವೆಂದರೆ ಇಷ್ಟೆ. ಪಟ್ಟಣದ ಬಿಳಿಯ ಮಕ್ಕಳ ಶಾಲೆಯಲ್ಲಿ ಏಳೆಂಟು ವರ್ಷ ಸವೆದು, ಬೆನ್ನು ಮುರಿದು, ಪುಟ ಕಿತ್ತುಹೋದ ಪುಸ್ತಕಗಳನ್ನು ಕೌಂಟಿಯ, ಅಂದರೆ ಜಿಲ್ಲೆಯ, ಶಿಕ್ಷಣ ಕಚೇರಿಯವರು ಲಾರಿಯಲ್ಲಿ ತಂದು ನಮ್ಮ ಕಪ್ಪು ಮಕ್ಕಳ ಪಾಲಿಗೆ ಸುರಿದು ಹೋಗುತ್ತಿದ್ದರು. ಪ್ರತಿ ಪುಸ್ತಕದ ರಟ್ಟಿನ ಒಳಮೈಯಲ್ಲಿ, ಓದಿದವರು ಹೆಸರು ಬರೆಯಲೆಂದು ಎಂಟು ಗೆರೆ ಅಚ್ಚಾಗಿರುತ್ತಿತ್ತು. ಇಲ್ಲಿಗೆ ಬರುವ ಹೊತ್ತಿಗೆ ಎಂಟೂ ಭರ್ತಿ. ನಮ್ಮ ಮಗು ತನ್ನ ಹೆಸರು ಎಲ್ಲಿ ಬರೆಯಬೇಕು? ಆದ್ದರಿಂದ ಕಿರಾಣಿ ಅಂಗಡಿಯ ಕಂದು ಕಾಗದದ ಚೀಲಗಳನ್ನು ಇಸ್ತ್ರಿ ಮಾಡಿ, ಅಳತೆಗೆ ಕತ್ತರಿಸಿ, ಆ ಹೆಸರುಗಳ ಮೇಲೆ ಅಂಟಿಸಿ, ಹೊಸದಾಗಿ ಎಂಟು ಗೆರೆ ಎಳೆಯುವುದು. ಶಾಲೆ ತೆರೆದ ದಿನ ಮಗು ಮೊದಲ ಗೆರೆಯ ಮೇಲೆ ತನ್ನ ಹೆಸರು ಬರೆಯುತ್ತಿತ್ತು. ಈ ಪದ್ಧತಿ ತಂದವರು ಮಿಸ್ ಅಲೀಥಿಯಾ ಬ್ರಾಡ್ನಾಕ್ಸ್.

ಮಿಸ್ ಬ್ರಾಡ್ನಾಕ್ಸ್ ಯಾರು ಎಂದು ಸ್ವೀಟ್‌ಗಮ್ಮಿನಲ್ಲಿ ಕೇಳಿದರೆ ಜನ ನಿಮ್ಮ ಮುಖ ನೋಡಿ ನಗುತ್ತಾರೆ. ಇಪ್ಪತ್ತು ತುಂಬುವ ಮೊದಲೇ, 1923ರಲ್ಲಿ, ಚರ್ಚಿನ ಬೆಂಚುಗಳ ಮೇಲೆ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರುಮಾಡಿದವರು ಅವರು. ಮನೆಮನೆಗೆ ಹೋಗಿ ಮರ, ಮೊಳೆ, ಮೈಮುರಿವ ಕೆಲಸ ಬೇಡಿ ಶಾಲೆಯ ಕಟ್ಟಡ ಎಬ್ಬಿಸಿದರು. ಬೇಸಿಗೆಯ ರಜೆಯಲ್ಲಿ ಕಾಲೇಜಿಗೆ ಹೋಗಿ ಹೋಗಿ, ಹದಿನಾರು ಬೇಸಿಗೆಯಲ್ಲಿ ಪದವಿ ಮುಗಿಸಿದರು. ಆ ಕೌಂಟಿಯಲ್ಲಿ ಪದವಿ ಪಡೆದ ಮೊದಲ ಕಪ್ಪು ಹೆಂಗಸು ಅವರೇ, ಮೊದಲ ಮುಖ್ಯೋಪಾಧ್ಯಾಯಿನಿಯೂ ಅವರೇ. ಭಾನುವಾರದ ಪ್ರಾರ್ಥನೆಯ ನಂತರ ದೊಡ್ಡವರನ್ನು ಕೂರಿಸಿಕೊಂಡು ಮತದಾರರ ಪಟ್ಟಿಯ ಅರ್ಜಿ ತುಂಬಲು ಕಲಿಸಿದರು. ಕಪ್ಪು ಜನರ ಹೆಸರು ಸೇರಿಸಲು ಒಪ್ಪದ ಆ ಕಚೇರಿಗೆ ತಾವು ಆರು ಸಲ ಹೋಗಿ ಆರು ಸಲವೂ ಬರಿಗೈಯಲ್ಲಿ ಬಂದು, ಏಳನೇ ಸಲ ಹೆಸರು ಸೇರಿಸಿಯೇ ತಿರುಗಿದರು. ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಒಂದೇ ಶಾಲೆಯಾಗಲಿ ಎಂಬ ಅರ್ಜಿಗೆ ಮೊದಲ ಸಹಿ ಅವರದು. ಅದಕ್ಕೆ ಕೌಂಟಿ ಒಂದು ವರ್ಷ ಕೆಲಸ ಕಿತ್ತುಕೊಂಡಿತು. ಆ ವರ್ಷ ಪೂರ್ತಿ ಊರವರು ಸರದಿಯ ಮೇಲೆ ಅವರಿಗೆ ಊಟ ಹಾಕಿದರು, ಅವರು ಚರ್ಚಿನಲ್ಲೇ ಪಾಠ ಮಾಡಿದರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ‘ನೂರಾ ಎಂಬತ್ತು ಮಕ್ಕಳಿರೋಳನ್ನ ಯಾವ ಗಂಡಸು ಕಟ್ಕೋತಾನೆ’ ಎನ್ನುತ್ತಿದ್ದರು.

ಶನಿವಾರದ ಹಿಂದೆ ಒಂದು ಶುಕ್ರವಾರವಿರುತ್ತಿತ್ತು. ಅದರ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಲಾರಿ ಹೋದ ಮೇಲೆ ಮಿಸ್ ಬ್ರಾಡ್ನಾಕ್ಸ್ ಕೊಠಡಿಯ ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಪ್ರತಿ ಪುಸ್ತಕದ ಪ್ರತಿ ಪುಟ ತಿರುವುತ್ತಿದ್ದರು. ಪುಸ್ತಕ ಎಲ್ಲಿಗೆ ಹೋಗುತ್ತದೆಂದು ಪಟ್ಟಣದ ಮಕ್ಕಳಿಗೆ ಗೊತ್ತಿರುತ್ತಿತ್ತು. ಕಳಿಸುವ ಮೊದಲು ಅವರು ಬರೆದಿರುತ್ತಿದ್ದರು. ಬೈಗುಳ, ಕೋತಿಯ ಚಿತ್ರ, ಮರಕ್ಕೆ ಕಟ್ಟಿದ ನೇಣಿನ ಹಗ್ಗ. ಅಂಥದ್ದು ಕಂಡಲ್ಲೆಲ್ಲ ಅವರೇ ಕೈಯಾರೆ ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಮಾರನೆಯ ದಿನ ಹೆಂಗಸರ ಕೈಗೆ ಬರುವ ಪುಸ್ತಕಗಳಲ್ಲಿ ಕೆಟ್ಟದ್ದೇನೂ ಇರುತ್ತಿರಲಿಲ್ಲ. ಅಂಟಿಸಿದ ಕಾಗದ ಕೀಳಬಾರದು ಎಂಬುದು ಆ ಶಾಲೆಯ ಮೊದಲ ನಿಯಮ. ತಡವಾಗಿ ಬರಬಾರದು, ಸುಳ್ಳು ಹೇಳಬಾರದು ಎಂಬುವು ಆಮೇಲೆ.

1968ರ ಆ ಶನಿವಾರ ಅಂಟು ಹಚ್ಚುತ್ತಿದ್ದ ಹುಡುಗಿಯರಲ್ಲಿ ಐಡೆಲ್ ಕೂಡ ಇದ್ದಳು. ಬಟ್ಟೆ ಇಸ್ತ್ರಿ ಮಾಡಿ ಜೀವನ ಸಾಗಿಸುತ್ತಿದ್ದ ವರ್ಲೀನ್ ಸ್ಟಾಲ್ವರ್ತಳ ಮಗಳು, ಹನ್ನೊಂದು ವರ್ಷ, ಓದುವುದರಲ್ಲಿ ಶಾಲೆಗೇ ಮುಂದು. ಮನೆಯಲ್ಲಿ ಬೈಬಲ್ ಬಿಟ್ಟರೆ ಇದ್ದ ಒಂದೇ ಪುಸ್ತಕ ಅವಳ ತಾಯಿ ಓದಿ ಬಿಟ್ಟ ನಾಲ್ಕನೇ ತರಗತಿಯ ವಾಚಕ. ಸವೆದು ಕೆಲಸಕ್ಕೆ ಬಾರದ ಪುಸ್ತಕಗಳನ್ನು ಮಿಸ್ ಬ್ರಾಡ್ನಾಕ್ಸ್ ಮನೆಗಳಿಗೆ ಕೊಟ್ಟುಬಿಡುತ್ತಿದ್ದರು, ಹಾಗೆ ಬಂದದ್ದು. ಅದನ್ನು ಎದೆಗವಚಿಕೊಂಡೇ ಈ ಹುಡುಗಿ ಅಕ್ಷರ ಕಲಿತಿದ್ದಳು. ಆ ವರ್ಷ ಅವಳಿಗೆ ಅಂಟಿನ ಪುಸ್ತಕ ಬೇಕಿರಲಿಲ್ಲ. ಬೇಕಾದವರು ಪಟ್ಟಣದ ಶಾಲೆಗೆ ಸೇರಬಹುದು ಎಂದು ಕೌಂಟಿ ಹೇಳಿತ್ತು, ಆದರೆ ಹೆದರಿ ಯಾರೂ ಸೇರಿರಲಿಲ್ಲ. ಮಿಸ್ ಬ್ರಾಡ್ನಾಕ್ಸ್ ಮೂರು ಸಲ ವರ್ಲೀನಳ ಮನೆ ಮೆಟ್ಟಿಲು ಹತ್ತಿ ಇಳಿದಿದ್ದರು. ಮಗಳೊಬ್ಬಳನ್ನೇ ಹೇಗೆ ಕಳಿಸಲಿ ಎಂದು ಅವಳು, ಯಾರಾದರೂ ಒಬ್ಬರು ಮೊದಲು ಹೋಗಬೇಕಲ್ಲ ಎಂದು ಇವರು. ಮೂರನೇ ಸಲ ವರ್ಲೀನ್ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ‘ನಿಮ್ಮ ಮಾತಿಗೆ ಕಳಿಸ್ತಿದೀನಿ ಮಿಸ್’ ಎಂದಳು.

ಅವಳು ಅಲ್ಲಿ ನಿಂತದ್ದು ಮೂರೇ ವಾರ.

ಆ ಶಾಲೆಯಲ್ಲಿ ಐಡೆಲ್‌ಗೆ ಕೊಟ್ಟ ಚರಿತ್ರೆಯ ಪುಸ್ತಕದ ರಟ್ಟಿನೊಳಗೆ ಒಂದು ಬೈಗುಳ ಬರೆದಿತ್ತು, ಮಸಿ ಇನ್ನೂ ಹೊಳೆಯುತ್ತಿತ್ತು. ಪಕ್ಕದ ಹುಡುಗ ಬಗ್ಗಿ ಅದನ್ನು ಗಟ್ಟಿಯಾಗಿ ಓದಿದ. ತರಗತಿ ನಕ್ಕಿತು. ಮೇಷ್ಟ್ರು ಹನ್ನೆರಡನೇ ಪುಟ ತೆಗೆಯಿರಿ ಎಂದರು, ಅಷ್ಟೆ. ಹುಡುಗಿ ಮನೆಗೆ ಬಂದು ಯಾರೊಡನೆಯೂ ಮಾತಾಡದೆ ತಾಯಿಯ ಹಳೆಯ ವಾಚಕವನ್ನು ಇಳಿಸಿ, ಒದ್ದೆ ಬಟ್ಟೆ ಹಾಕಿ, ಕಂದು ಕಾಗದವನ್ನು ಮೆಲ್ಲಗೆ ಬಿಡಿಸಿದಳು. ಯಾಕೆ ಹಾಗೆ ಮಾಡಬೇಕೆನ್ನಿಸಿತೋ. ಕಾಗದದಡಿಯಲ್ಲಿ ಅದೇ ಬೈಗುಳ ಇತ್ತು.

ಮಿಸ್ ಬ್ರಾಡ್ನಾಕ್ಸ್ ಜಗಲಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಾಗ ಅವಳು ಆ ಪುಸ್ತಕ ಹಿಡಿದು ಬಂದಳು. ಕೂತುಕೋ ಎಂದರೆ ಕೂರಲಿಲ್ಲ. ಪುಸ್ತಕ ಬಿಚ್ಚಿ ಅವರ ಮುಂದೆ ಹಿಡಿದಳು.

‘ನಿಮಗೆ ಗೊತ್ತಿತ್ತು.’

ನಲವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವರು. ಈಗ ಹೇಗೆ ಹೇಳುತ್ತಾರೆ? ‘ಗೊತ್ತಿತ್ತು ಮಗಳೇ’ ಎಂದರು.

‘ಎಲ್ಲ ಪುಸ್ತಕದಲ್ಲೂ ಇತ್ತಾ?’

‘ತುಂಬಾ ಪುಸ್ತಕದಲ್ಲಿ ಇತ್ತು.’

‘ಮತ್ತೆ ಯಾಕೆ ಹೇಳ್ಲಿಲ್ಲ? ಅವರೆಲ್ಲ ನಕ್ಕಾಗ ಅದು ನನಗೊಬ್ಬಳಿಗೇ ಬರೆದಿದ್ದು ಅನ್ಕೊಂಡೆ ಮಿಸ್. ನಾನೇ ಏನೋ ತಪ್ಪು ಮಾಡಿದೀನಿ, ಅದಕ್ಕೇ ಬರೆದಿದಾರೆ ಅನ್ಕೊಂಡೆ.’

ಅತ್ತಿದ್ದರೆ ಅಪ್ಪಿಕೊಳ್ಳಬಹುದಿತ್ತು. ಅವಳು ಅಳಲಿಲ್ಲ. ಪುಸ್ತಕವನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದಳು. ಮಿಸ್ ಬ್ರಾಡ್ನಾಕ್ಸ್‌ಗೆ ಒಲೆಯ ಮೇಲಿಟ್ಟ ಜೋಳದ ರೊಟ್ಟಿ ಸೀದ ವಾಸನೆ ಬಂದರೂ ಏಳಲಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಪುಸ್ತಕ ಎತ್ತಿ ನೋಡಿದರು. ‘ಇದು ಇನ್ನು ಕೋತಿಗಳಿಗೆ’ ಎಂದು ಬರೆದು, ಕೆಳಗೆ ಆ ಬೈಗುಳ ಬರೆದು, ಅದನ್ನು ಹಿಂದೆ ಓದಿದ್ದ ಪಟ್ಟಣದ ಹುಡುಗ ಹೆಮ್ಮೆಯಿಂದ ಹೆಸರನ್ನೂ ಹಾಕಿದ್ದ. ಹಾಲಿಸ್ ಟಾರ್ಪ್ಲೆ, ನಾಲ್ಕನೇ ತರಗತಿ. ಈಗ ಕೌಂಟಿಯ ಶಿಕ್ಷಣಾಧಿಕಾರಿ ಅವನೇ. ಮಿಸ್ ಬ್ರಾಡ್ನಾಕ್ಸ್‌ಗೆ ಇದು ಹೊಸ ಸುದ್ದಿಯೇನೂ ಅಲ್ಲ. ಕೌಂಟಿಯ ಡಾಕ್ಟರು, ಬ್ಯಾಂಕಿನವರು, ನ್ಯಾಯಾಧೀಶರು ಚಿಕ್ಕವರಿದ್ದಾಗ ಏನೇನು ಗೀಚಿದ್ದರೆಂದು ಅವರಷ್ಟು ಬಲ್ಲವರು ಯಾರೂ ಇರಲಿಲ್ಲ.

ಐಡೆಲ್ ಸೋಮವಾರ ಸ್ವೀಟ್‌ಗಮ್ಮಿಗೇ ಮರಳಿ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಲೆಕ್ಕ ಮಾಡುತ್ತಿದ್ದಳು, ಉತ್ತರ ಬರೆದಿಡುತ್ತಿದ್ದಳು. ಆದರೆ ಆ ವರ್ಷವಿಡೀ ಮಿಸ್ ಬ್ರಾಡ್ನಾಕ್ಸ್ ಜೊತೆ ಒಂದು ಮಾತೂ ಆಡಲಿಲ್ಲ. ಹಾಜರಿಗೆ ಕೈ ಎತ್ತುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

1969ರ ಮಾರ್ಚ್ ತಿಂಗಳಲ್ಲಿ ಟಾರ್ಪ್ಲೆ ಮಿಸ್ ಬ್ರಾಡ್ನಾಕ್ಸ್ ಅವರನ್ನು ಕಚೇರಿಗೆ ಕರೆಸಿಕೊಂಡ. ಕೋರ್ಟಿನ ಆಜ್ಞೆ ಬಂದಿದೆ, ಸೆಪ್ಟೆಂಬರಿನಿಂದ ಎಲ್ಲ ಮಕ್ಕಳಿಗೂ ಪಟ್ಟಣದ ಶಾಲೆಯೇ, ಸ್ವೀಟ್‌ಗಮ್ ಶಾಲೆ ಮುಚ್ಚುತ್ತದೆ ಎಂದ. ಒಂಬತ್ತು ಉಪಾಧ್ಯಾಯರಲ್ಲಿ ಆರು ಜನರಿಗೆ ಕೆಲಸವಿಲ್ಲ. ಮುಖ್ಯೋಪಾಧ್ಯಾಯಿನಿಗೆ ಪಟ್ಟಣದ ಶಾಲೆಯಲ್ಲಿ ಪುಸ್ತಕ ಹಂಚುವ ಕೆಲಸ, ನೆಲಮಾಳಿಗೆಯ ಕೋಣೆಯಲ್ಲಿ. ಇವರು ತಾಳ್ಮೆಯಿಂದ, ಮಕ್ಕಳು ಒಟ್ಟಿಗೆ ಓದಲಿ ಎಂದು ಕೇಳಿದ್ದೆವು, ನಮ್ಮ ಶಾಲೆ ಮುಚ್ಚಿ ಎಂದು ಕೇಳಿರಲಿಲ್ಲ ಎಂದರು. ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಅವನ ಬಾಯಲ್ಲಿ ‘ಮಿಸ್’ ಎಂಬ ಮಾತು ಒಂದು ದಿನವೂ ಬಂದದ್ದಿಲ್ಲ.

‘ಮೊದಲ ಸಹಿ ನಿನ್ನದೇ ಅಲ್ವ ಅಲೀಥಿಯಾ? ಈಗ ಕೋರ್ಟು ಕೊಟ್ಟಿದೆ. ನಿನ್ನ ಕೈಕೆಳಗೆ ಮಕ್ಕಳನ್ನ ಬಿಡೋಕೆ ಪಟ್ಟಣದ ತಾಯಿ-ತಂದೆಯರು ಒಪ್ಪಲ್ಲ. ನಾನು ಏನು ಮಾಡ್ಲಿ ಹೇಳು. ನಿನಗೆ ಈ ಕೆಲಸ ಉಳಿಸಿಕೊಡೋಕೇ ನಾನು ಎಷ್ಟು ಜನರ ಹತ್ರ ಬೈಸಿಕೊಂಡಿದೀನಿ ಗೊತ್ತಾ?’

ಅದು ಸುಳ್ಳಲ್ಲ. ಅವನು ಬೈಸಿಕೊಂಡಿದ್ದ, ಅದು ಇವರಿಗೂ ಗೊತ್ತಿತ್ತು. ಇವರು ಚೀಲದಿಂದ ಆ ವಾಚಕ ತೆಗೆದು ಅವನ ಮೇಜಿನ ಮೇಲೆ ಬಿಚ್ಚಿಟ್ಟರು. ಅವನು ಓದಿದ. ಕತ್ತಿನಿಂದ ಕಿವಿಯವರೆಗೆ ಕೆಂಪೇರಿತು.

‘ಒಂಬತ್ತು ವರ್ಷದವನಿದ್ದೆ’ ಎಂದ. ‘ಎಲ್ಲರೂ ಬರೀತಿದ್ರು. ನನಗೆ ನೆನಪೂ ಇಲ್ಲ.’

‘ಬರೆದಾಗ ನಿಮಗೆ ಒಂಬತ್ತು. ಓದೋ ಮಗುಗೂ ಒಂಬತ್ತೇ ಇರುತ್ತೆ, ಮಿಸ್ಟರ್ ಟಾರ್ಪ್ಲೆ.’

ಅವನು ಪೆನ್ಸಿಲ್ ಎತ್ತಿದ, ಇಟ್ಟ. ಇದನ್ನು ಸಭೆಯಲ್ಲಿ ತೋರಿಸುತ್ತೀಯಾ ಎಂದು ಕೇಳಿದ. ಮೂವತ್ತು ವರ್ಷ ಮುಚ್ಚಿಟ್ಟಿದ್ದು ನಿಮ್ಮ ಮಾನಕ್ಕಾಗಿ ಅಲ್ಲ ಎಂದು ಹೇಳಿ ಇವರು ಪುಸ್ತಕ ಮತ್ತೆ ಚೀಲಕ್ಕೆ ಹಾಕಿಕೊಂಡರು. ಕೆಲಸಕ್ಕೆ ಬರುತ್ತೀಯೋ ಇಲ್ಲವೋ ಆಗಸ್ಟ್ ಮುಗಿಯುವುದರೊಳಗೆ ಯೋಚನೆ ಮಾಡಿ ಹೇಳು ಎಂದ. ಇವರು ಹೊರಡುವಾಗ, ಮರೆತೋ ಬೇಕೆಂತಲೋ, ಕುರ್ಚಿಯಿಂದ ಎದ್ದು ನಿಂತ. ಆದರೆ ಕೆಲಸ ಅದೇ, ಕೋಣೆ ಅದೇ, ಶಾಲೆ ಮುಚ್ಚುವುದೂ ಅದೇ.

ಜುಲೈನಲ್ಲಿ ಕೌಂಟಿಯ ಆಳುಗಳು ಬಂದು ಸ್ವೀಟ್‌ಗಮ್ ಶಾಲೆ ಖಾಲಿ ಮಾಡಿದರು. ಹಾಡಿನ ಸ್ಪರ್ಧೆಯಲ್ಲಿ ಮಕ್ಕಳು ಗೆದ್ದ ಬಟ್ಟಲುಗಳು, ಪ್ರತಿ ವರ್ಷದ ಮಕ್ಕಳ ಚಿತ್ರಗಳು, ಗೋಡೆಯ ಮೇಲಿನ ನಕಾಶೆ, ಎಲ್ಲ ಹಿತ್ತಲಿನ ಗುಂಡಿಗೆ ಹೋದವು. ಪುಸ್ತಕಗಳನ್ನೂ ಎಸೆಯುತ್ತಿದ್ದರು. ಹೆಂಗಸರು ತಳ್ಳುಗಾಡಿ ತಂದು ಅಷ್ಟನ್ನು ಚರ್ಚಿಗೆ ಸಾಗಿಸಿ ಉಳಿಸಿದರು. ಆ ದಿನ ಮಿಸ್ ಬ್ರಾಡ್ನಾಕ್ಸ್ ಗುಂಡಿಯ ಪಕ್ಕದಲ್ಲಿ ಟೊಪ್ಪಿಗೆ ಹಾಕಿಕೊಂಡು ನೆಟ್ಟಗೆ ನಿಂತಿದ್ದರು, ಹೆಣದ ಮುಂದೆ ನಿಂತವರ ಹಾಗೆ. ಒಂದೇ ಶಾಲೆಯಾಗಲಿ ಎಂದು ಹದಿನೈದು ವರ್ಷ ದೇವರನ್ನು ಬೇಡಿದವರು ಅವರು. ಬೇಡಿದ್ದು ಸಿಕ್ಕಿತ್ತು, ಸಿಕ್ಕ ರೀತಿ ನೋಡಿ ಅವರ ಮನಸ್ಸು ಮುರಿದುಹೋಗಿತ್ತು.

ಆ ಕೋಣೆ ಕಾಯುವ ಕೆಲಸಕ್ಕೆ ಹೋಗಬೇಡಿ ಎಂದು ಊರೆಲ್ಲ ಹೇಳಿತು. ನಿಮ್ಮನ್ನು ನೆಲಮಾಳಿಗೆಗೆ ಇಳಿಸಿದರೆ ನಮ್ಮೆಲ್ಲರನ್ನೂ ಇಳಿಸಿದ ಹಾಗೆ ಎಂದರು ಪಾದ್ರಿಗಳು. ಅವರಿಗೂ ಹೋಗುವ ಮನಸ್ಸಿರಲಿಲ್ಲ. ಅಷ್ಟರಲ್ಲಿ ವರ್ಲೀನ್ ಬಂದು ತಲೆತಗ್ಗಿಸಿ ಇನ್ನೊಂದು ಸುದ್ದಿ ಹೇಳಿದಳು. ಐಡೆಲ್ ಆ ಶಾಲೆಯ ಹೊಸ್ತಿಲು ತುಳಿಯುವುದಿಲ್ಲ ಎನ್ನುತ್ತಿದ್ದಾಳೆ. ಪಟ್ಟಣದ ಒಬ್ಬಾಕೆಗೆ ಮಗು ನೋಡಿಕೊಳ್ಳಲು ಹುಡುಗಿ ಬೇಕಂತೆ, ಸೋಮವಾರದಿಂದ ಕಳಿಸುತ್ತೇನೆ. ಹನ್ನೆರಡು ವರ್ಷದ ಹುಡುಗಿ, ನಲವತ್ತಾರು ವರ್ಷದಲ್ಲಿ ಅವರ ಕೈಯಡಿ ಓದಿದವರಲ್ಲೇ ಚುರುಕಾದವಳು, ಇನ್ನೊಬ್ಬರ ಮಗುವಿನ ತೊಟ್ಟಿಲು ತೂಗಲು ಹೋಗುತ್ತಾಳೆ. ಪುಸ್ತಕ ಎಂದರೆ ಹೆದರುವ ಹಾಗೆ ಮಾಡಿದ್ದು ತಾವೇ ಎಂದು ಮಿಸ್ ಬ್ರಾಡ್ನಾಕ್ಸ್‌ಗೆ ಅನ್ನಿಸಿತು. ಶನಿವಾರ ಮಗಳನ್ನು ಕರೆದುಕೊಂಡು ಬಾ, ಅದೊಂದು ದಿನ, ಎಂದು ವರ್ಲೀನಳ ಕೈ ಹಿಡಿದು ಬೇಡಿದರು.

ಆ ವರ್ಷ ಲಾರಿ ಬರಲಿಲ್ಲ. ಆದರೂ ಶನಿವಾರ ಬಂತು. ಅಭ್ಯಾಸ ಬಿಡಲಾರದೆ ಹೆಂಗಸರು ಚರ್ಚಿನ ಹಿಂದಿನ ಮರದಡಿ ಸೇರಿದರು. ಜುನೀ ಅಜ್ಜಿ ಕಡಾಯಿ ಹೊತ್ತು ತಂದಿದ್ದಳು. ‘ಮೈದಾ ಬೇಡ ಅಜ್ಜಿ, ನೀರು ಕಾಯ್ಸು’ ಎಂದರು ಮಿಸ್ ಬ್ರಾಡ್ನಾಕ್ಸ್. ಉಗುರುಬೆಚ್ಚಗಿನ ನೀರು ಬೋಗುಣಿಗಳಿಗೆ ಬಿತ್ತು. ಪುಸ್ತಕಗಳು ಮೇಜಿನ ಮೇಲಿದ್ದವು. ಪಟ್ಟಣದ ಶಾಲೆಗೆ ಹೋಗಬೇಕಾದ ಮಕ್ಕಳೆಲ್ಲ ಹುಲ್ಲಿನ ಮೇಲೆ ಕೂತಿದ್ದರು. ಐಡೆಲ್ ಒಬ್ಬಳು ದೂರದಲ್ಲಿ ಮರಕ್ಕೊರಗಿ, ಕೈಕಟ್ಟಿಕೊಂಡು ನಿಂತಿದ್ದಳು.

ಅಂಟಿಸಿದ ಕಾಗದ ಇವತ್ತು ಕೀಳೋಣ ಎಂದರು ಮಿಸ್ ಬ್ರಾಡ್ನಾಕ್ಸ್. ಅದರಡಿ ಏನಿದೆಯೆಂದು ಮಕ್ಕಳು ನಮ್ಮ ಮಧ್ಯೆ ಕೂತು ನೋಡಲಿ, ಅಲ್ಲಿ ಒಂಟಿಯಾಗಿ ನೋಡುವುದು ಬೇಡ. ಇಷ್ಟು ವರ್ಷ ಮುಚ್ಚಿಟ್ಟು ತಪ್ಪು ಮಾಡಿದೆ, ಆ ತಪ್ಪಿಗೆ ಒಂದು ಮಗು ಬೆಲೆ ಕೊಟ್ಟಿತು ಎಂದರು. ಹಿಂದೆಂದೂ ಯಾರೂ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಲೀನ್ ಬೋಗುಣಿಯ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. ಕೊನೆಗೆ ಅವಳೇ ಬಾಯಿ ಬಿಟ್ಟಳು.

‘ನಮಗೆ ಗೊತ್ತಿತ್ತು ಮಿಸ್. ಮೂರನೇ ಕ್ಲಾಸಲ್ಲೇ ಕಿತ್ತು ನೋಡಿದ್ವಿ. ಎಲ್ಲರೂ ನೋಡಿದೀವಿ. ನೋಡಿ ಮತ್ತೆ ಎಂಜಲು ಹಚ್ಚಿ ಅಂಟಿಸಿಬಿಡ್ತಿದ್ವಿ. ನಮಗೆ ಗೊತ್ತಾಗಿದೆ ಅಂತ ಗೊತ್ತಾದ್ರೆ ನಿಮಗೆ ಸಂಕಟ ಆಗುತ್ತೆ ಅಂತ.’

ಮಿಸ್ ಬ್ರಾಡ್ನಾಕ್ಸ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಮೂವತ್ತು-ನಲವತ್ತು ವರ್ಷ ಶುಕ್ರವಾರದ ಗುಟ್ಟನ್ನು ಒಬ್ಬರೇ ಹೊತ್ತಿದ್ದೇನೆ ಎಂದುಕೊಂಡಿದ್ದರು. ಊರಿನ ಮಕ್ಕಳೆಲ್ಲ ಅದನ್ನು ಹೊತ್ತುಕೊಂಡೇ ಅವರ ಮುಂದೆ ನಗುನಗುತ್ತ ಕೂತಿದ್ದರು. ಇನ್ನೊಬ್ಬರು ನೋಯದಿರಲೆಂದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ನಿಯಮ ಮುರಿಯದೆ ಕಾಗದ ಕೀಳದೆ ಇದ್ದ ಒಂದೇ ಮಗುವನ್ನು ಆರಿಸಿ ಅವರು ಅಲ್ಲಿಗೆ ಕಳಿಸಿದ್ದರು.

ಆಗ ಕಾಗದಗಳು ಒಂದೊಂದಾಗಿ ಬಿಟ್ಟುಕೊಂಡವು. ತಾಯಂದಿರು ಕಂದು ಕಾಗದದ ಮೇಲಿನ ತಮ್ಮ ಚಿಕ್ಕಂದಿನ ಅಕ್ಷರ ಕಂಡು ಅತ್ತರು. ಕೆಳಗಿನದನ್ನು ಮಕ್ಕಳಿಗೆ ಓದಿ ಹೇಳಿದರು, ಬರೆದವನು ಯಾರ ಮಗ, ಈಗ ಯಾವ ಅಂಗಡಿಯಲ್ಲಿ ಕೂರುತ್ತಾನೆ ಎಂದೂ ಹೇಳಿದರು. ಓದು ಬಾರದ ಜುನೀ ಅಜ್ಜಿ ಮಾತ್ರ ಸೌಟು ಹಿಡಿದು, ಇದನ್ನು ಮುಚ್ಚುವುದಕ್ಕೇನಾ ನನ್ನ ಕೈಯಲ್ಲಿ ಇಷ್ಟು ವರ್ಷ ಲವಂಗ ಹಾಕಿಸಿದ್ದು ಎಂದು ಗೊಣಗಿದಳು. ಅಷ್ಟು ದುಃಖದಲ್ಲೂ ಒಂದಿಬ್ಬರು ನಕ್ಕರು.

‘ನಿಮ್ಮ ಪುಸ್ತಕದಲ್ಲಿ ಏನಿತ್ತು ಮಿಸ್?’

ಐಡೆಲ್ ಕೇಳಿದ್ದು. ಒಂದು ವರ್ಷದ ನಂತರದ ಮೊದಲ ಮಾತು. ಮರ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ ಹುಡುಗಿ, ‘ನೀವು ಚಿಕ್ಕವರಿದ್ದಾಗ’ ಎಂದು ಸೇರಿಸಿದಳು.

ಮಿಸ್ ಬ್ರಾಡ್ನಾಕ್ಸ್ ಇದನ್ನು ಯಾರಿಗೂ ಹೇಳಿರಲಿಲ್ಲ. ಅವರ ತಾಯಿ ಒಂದು ದೊಡ್ಡ ಮನೆಯ ಬಟ್ಟೆ ಒಗೆಯುತ್ತಿದ್ದಳು. ಆ ಮನೆಯ ಮಕ್ಕಳು ಬಿಸಾಡಿದ ಒಂದು ಪುಸ್ತಕವನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಏಳು ಮೈಲಿ ನಡೆದು ತಂದಳು. ಆಗ ಅಲೀಥಿಯಾಗೆ ಏಳು ವರ್ಷ. ಮೊದಲ ಪುಟದಲ್ಲಿ ಏನೋ ಅಂದವಾಗಿ ಬರೆದಿದೆ, ಓದಿ ಹೇಳು ಎಂದಳು ತಾಯಿ. ಅವಳಿಗೆ ಓದು ಬರುತ್ತಿರಲಿಲ್ಲ. ಅಲ್ಲಿದ್ದದ್ದು ಇದೇ ಬೈಗುಳ.

‘ಅಮ್ಮನ ಮುಖ ನೋಡ್ದೆ. ಕಾಲು ಬಾತುಕೊಂಡಿತ್ತು ಅವಳಿಗೆ. ಜಾಣಮರಿ ಚೆನ್ನಾಗಿ ಓದು ಅಂತ ಬರೆದಿದಾರೆ ಅಂದೆ. ಅಮ್ಮ ಎಷ್ಟು ಖುಷಿಪಟ್ಟಳು ಅಂದ್ರೆ, ಮನೆಗೆ ಬಂದೋರಿಗೆಲ್ಲ ಆ ಪುಟ ತೋರಿಸಿ ನನ್ನ ಕೈಲಿ ಓದಿಸ್ತಿದ್ದಳು. ಅವಳು ಸಾಯೋವರೆಗೂ ಓದಿದೀನಿ. ಆವತ್ತು ಶುರುಮಾಡಿದ್ದು, ನಿಲ್ಸೋಕೆ ಬರಲಿಲ್ಲ ಮಗಳೇ.’

ಐಡೆಲ್ ಹತ್ತಿರ ಬಂದು ಬೋಗುಣಿಯ ಮುಂದೆ ಮಂಡಿಯೂರಿ ಕೂತು, ಒಂದು ಪುಸ್ತಕ ತೆಗೆದುಕೊಂಡು ಕಾಗದದ ಅಂಚು ಬಿಡಿಸತೊಡಗಿದಳು. ತಲೆ ಎತ್ತದೆ, ಆ ಶಾಲೆಯಲ್ಲಿ ಪುಸ್ತಕದ ಕೋಣೆ ಎಲ್ಲಿದೆ ಎಂದು ಕೇಳಿದಳು.

‘ನೆಲಮಾಳಿಗೆ ಮೆಟ್ಟಿಲು ಇಳಿದ ತಕ್ಷಣ ಎಡಗಡೆ’ ಎಂದರು ಮಿಸ್ ಬ್ರಾಡ್ನಾಕ್ಸ್.

‘ನೀವು ಅಲ್ಲಿರ್ತೀರಾ?’

ಪಾದ್ರಿಗಳು ಇವರ ಕಡೆ ನೋಡುತ್ತಿದ್ದರು. ವರ್ಲೀನ್ ನೋಡುತ್ತಿದ್ದಳು. ಇರುತ್ತೇನೆ ಎಂದು ಮಿಸ್ ಬ್ರಾಡ್ನಾಕ್ಸ್ ಹೇಳಿದರು.

ಶಾಲೆ ತೆರೆದ ದಿನ ಅವರು ಭಾನುವಾರದ ನೀಲಿ ಉಡುಪು ತೊಟ್ಟು ಪಟ್ಟಣದ ಶಾಲೆಗೆ ಹೋದರು. ಮುಂಬಾಗಿಲಿನಲ್ಲಿ ಯಾರೂ ಮಾತಾಡಿಸಲಿಲ್ಲ. ಕೆಳಗಿನ ಕೋಣೆಗೆ ಕಿಟಕಿಯಿರಲಿಲ್ಲ, ನೀರಿನ ಕೊಳವೆಗಳು ತಲೆಯ ಮೇಲೆ ಹಾದುಹೋಗಿದ್ದವು. ಬೆಳಗಿನಿಂದ ಹಳೆಯ ಅಭ್ಯಾಸದಂತೆ ಪುಸ್ತಕ ತಿರುವಿದ್ದರು. ಹೊಲಸು ಬರೆದಿದ್ದನ್ನು ಪಕ್ಕಕ್ಕಿಟ್ಟಿದ್ದರು, ಆದರೆ ಏಳನೇ ತರಗತಿಯ ಚರಿತ್ರೆ ಪುಸ್ತಕ ಎಲ್ಲರಿಗೂ ಸಾಕಾಗುವಷ್ಟು ಇರಲಿಲ್ಲ. ಒಂದನ್ನು ಕೊಡಲೇಬೇಕಿತ್ತು. ಅಂಟು ಇರಲಿಲ್ಲ. ಇದ್ದಿದ್ದರೂ ಹಚ್ಚುತ್ತಿರಲಿಲ್ಲ.

ಮಕ್ಕಳು ಸಾಲಾಗಿ ಇಳಿದು ಬಂದರು. ಬಿಳಿಯ ಮಕ್ಕಳು ಪುಸ್ತಕ ಇಸಿದುಕೊಂಡು ಹೋದರು, ಒಬ್ಬ ಹುಡುಗಿ ಥ್ಯಾಂಕ್ಸ್ ಎಂದಳು. ಐಡೆಲ್ ಸರದಿ ಬಂತು. ಜಡೆ ಬಿಗಿಯಾಗಿ ಹೆಣೆದಿತ್ತು, ವರ್ಲೀನ್ ಇಸ್ತ್ರಿ ಮಾಡಿದ ಕಾಲರಿನಲ್ಲಿ ಒಂದು ಸುಕ್ಕಿರಲಿಲ್ಲ. ಅವಳ ಬೆನ್ನಿಗೇ ಚಿಕ್ಕಮ್ಮನ ಮಗಳು ಲುವೆನಿಯಾ ನಿಂತಿದ್ದಳು. ಸಣ್ಣ ಮಾತಿಗೂ ಕಣ್ಣೀರು ಹಾಕುವ ಹುಡುಗಿ ಅದು. ಆ ಶನಿವಾರ ಜ್ವರವೆಂದು ಚರ್ಚಿಗೂ ಬಂದಿರಲಿಲ್ಲ.

ಮಿಸ್ ಬ್ರಾಡ್ನಾಕ್ಸ್ ಐಡೆಲ್‌ಗೆಂದು ಶುಭ್ರವಾದ ಪುಸ್ತಕ ತೆಗೆದಿಟ್ಟಿದ್ದರು. ಅದನ್ನು ಕೊಡಹೋದಾಗ ಅವಳ ಕಣ್ಣು ಮೇಜಿನ ಮೂಲೆಯಲ್ಲಿದ್ದ ಇನ್ನೊಂದರ ಮೇಲೆ ಬಿತ್ತು. ಕೈಚಾಚಿ ಅದರ ರಟ್ಟು ತೆರೆದು ನೋಡಿದಳು.

‘ಇದರಲ್ಲಿದೆ’ ಎಂದಳು ಮೆಲ್ಲಗೆ.

‘ಇದೆ. ನಾನೂ ನೋಡಿದೀನಿ. ನಿನಗೆ ಇದು ತಗೋ, ಇದರಲ್ಲಿ ಏನಿಲ್ಲ.’

‘ಹಾಗಾದ್ರೆ ಅದು ಲುವೆನಿಯಾಗೆ ಹೋಗುತ್ತೆ.’

ಐಡೆಲ್ ಹೊಲಸು ಬರೆದ ಪುಸ್ತಕವನ್ನು ಎತ್ತಿಕೊಂಡಳು. ಪೆನ್ನು ಕೇಳಿ ಪಡೆದು, ಖಾಲಿಯಿದ್ದ ಎಂಟನೇ ಗೆರೆಯ ಮೇಲೆ ದುಂಡಗೆ ತನ್ನ ಹೆಸರು ಬರೆದಳು.

‘ಮುಚ್ಚಿಡಬೇಡ ಮಗಳೇ’ ಎಂದರು ಅವರು. ‘ಅವಳಿಗೂ ಗೊತ್ತಾಗಬೇಕು.’

‘ಮುಚ್ಚಿಡಲ್ಲ ಮಿಸ್. ಸಂಜೆ ಮನೇಲಿ ನಾನೇ ತೋರಿಸ್ತೀನಿ, ಪಕ್ಕದಲ್ಲಿ ಕೂತು.’ ಹಿಂದೆ ತಿರುಗಿ ಲುವೆನಿಯಾ ಕಡೆ ಒಮ್ಮೆ ನೋಡಿದಳು. ‘ಮೊದಲನೇ ದಿನಾನೇ ಬೇಡ, ಅಷ್ಟೆ.’

ಪುಸ್ತಕವನ್ನು ಎದೆಗವಚಿಕೊಂಡು, ಕತ್ತು ನೆಟ್ಟಗೆ ಮಾಡಿಕೊಂಡು ಅವಳು ಮೆಟ್ಟಿಲು ಹತ್ತಿ ಹೋದಳು. ಹನ್ನೆರಡು ವರ್ಷದ ಮಗುವಿನ ನಡಿಗೆಯಲ್ಲ ಅದು. ಮಿಸ್ ಬ್ರಾಡ್ನಾಕ್ಸ್ ಶುಭ್ರವಾದ ಪುಸ್ತಕವನ್ನು ಲುವೆನಿಯಾ ಕೈಗಿಟ್ಟರು. ಆ ಹುಡುಗಿ ರಟ್ಟು ತೆರೆದು ನೋಡಿ, ಹೆಸರು ಬರೆಯೋಕೆ ಜಾಗ ಇದೆ ಮಿಸ್, ಎಂದು ನಕ್ಕಳು. ಸಾಲಿನಲ್ಲಿ ಇನ್ನೂ ಹದಿನಾರು ಮಕ್ಕಳಿದ್ದರು, ಅಳುವುದಕ್ಕೆ ಸಮಯವಿರಲಿಲ್ಲ.